‘ಬಿಟ್ಟಾಕಪ್ಪ’ ಅಂತ ಯಾರಿಗೆ ಹೇಳ್ತಾರೆ?

ಹೊನ್ನಾಳಿ, ಹರಿಹರ, ಚನ್ನಗಿರಿ ಸೀಮೆಯ ಯಾವ ಊರಿನ ಪಂಚಾಯ್ತಿಯನ್ನಾದರೂ ನೋಡಿ. ಬದು ಒತ್ತಿದ ಜಗಳವೋ, ಪಾಲಿನ ಜಗಳವೋ, ರಾತ್ರೋರಾತ್ರಿ ತೂಬು ಎತ್ತಿ ನೀರು ತಿರುಗಿಸಿಕೊಂಡ ಜಗಳವೋ ಇರುತ್ತದೆ. ಒಂದೆರಡು ತಾಸು ಎಳೆದಾಡಿ ಎಲ್ಲರಿಗೂ ಹಸಿವಾಗುವ ಹೊತ್ತಿಗೆ ಹಿರಿಯರೊಬ್ಬರು ಬಾಯಿ ಹಾಕುತ್ತಾರೆ: “ಹೋಗ್ಲಿ ಬಿಟ್ಟಾಕಪ್ಪ, ನೀನೇ ದೊಡ್ಡೋನಾಗು.” ಎದುರಿಗೆ ಕೂತವನು ಕ್ರೈಸ್ತನಾಗಿದ್ದರೆ ಆ ಮಾತಿಗೊಂದು ಬಾಲ ಸೇರುತ್ತದೆ: “ನಿಮ್ ಬೈಬಲ್ನಾಗೇ ಐತಲ್ಲಪ್ಪ, ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ಕೆನ್ನೆ ತೋರ್ಸು ಅಂತ.” ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಊಟದ ಹೊತ್ತು ಮೀರಿರುತ್ತದೆ, ಅಷ್ಟೆ. ಆದರೆ ಆ ಮಾತು ಯಾವ ಕಡೆ ಮುಖ ಮಾಡಿರುತ್ತದೆ ಎಂಬುದನ್ನು ಗಮನಿಸಿ. ಬದು ಒತ್ತಿದವನಿಗೆ ‘ಬಿಟ್ಟಾಕು’ ಎಂದು ಯಾರೂ ಹೇಳುವುದಿಲ್ಲ. ಆಳುಕಾಳು, ಟ್ರ್ಯಾಕ್ಟರು, ಪಾರ್ಟಿಯ ಬಲ ಇದ್ದವನಿಗೆ ಹೇಳುವುದಿಲ್ಲ. ಎರಡು ಸಾಲು ನೆಲ ಕಳೆದುಕೊಂಡವನಿಗೆ, ಕೊನೆಯ ತಮ್ಮನಿಗೆ, ಏಟು ತಿಂದು ತವರಿಗೆ ಬಂದು ಕೂತ ಹೆಣ್ಣುಮಗಳಿಗೆ ಹೇಳುತ್ತಾರೆ.

ಶತ್ರುಗಳನ್ನು ಪ್ರೀತಿಸಿ, ತೀರ್ಪು ಮಾಡಬೇಡಿ ಎಂಬ ಎರಡು ಮಾತು ಕ್ರೈಸ್ತ ಬೋಧನೆಯಲ್ಲಿ ಎಷ್ಟು ಪ್ರಸಿದ್ಧವೋ ಅಷ್ಟೇ ದುರುಪಯೋಗಕ್ಕೂ ಒಳಗಾಗಿವೆ. ಚರ್ಚಿನ ಒಳಗೇ ಆಗುವ ದುರುಪಯೋಗವೂ ಕಡಿಮೆಯಲ್ಲ. ಯೇಸು ಈ ಮಾತುಗಳನ್ನು ಹೇಳಿದ್ದು ಮುಂದೆ ಕೂತು ಕೇಳುತ್ತಿದ್ದವರಿಗೆ, ‘ನೀವು’ ಎಂದು. ಪಕ್ಕದವನಿಗೆ ದಾಟಿಸಿ ಎಂದು ಕೊಟ್ಟ ಚೀಟಿ ಅದಲ್ಲ. ನೋವು ತಿಂದವನಿಗೆ ಮೂರನೆಯವನು ‘ಕ್ಷಮಿಸಿಬಿಡು’ ಅಂದಾಗ ಆ ಮೂರನೆಯವನು ಆಗಲೇ ತೀರ್ಪು ಕೊಟ್ಟಾಗಿರುತ್ತದೆ: ಪೆಟ್ಟು ಎಷ್ಟು ದೊಡ್ಡದು, ಎಷ್ಟು ದಿನಕ್ಕೆ ಮಾಯಬೇಕು, ಯಾರು ಬಾಗಬೇಕು ಎಂಬುದನ್ನೆಲ್ಲ ಅವನೇ ತೀರ್ಮಾನಿಸಿರುತ್ತಾನೆ. ಒಂದು ಆಜ್ಞೆಯನ್ನು ಉಪದೇಶಿಸುತ್ತಲೇ ಇನ್ನೊಂದನ್ನು ಮುರಿಯುವ ಈ ವಿದ್ಯೆ ನಮ್ಮಲ್ಲಿ ಬಹಳ ಜನಕ್ಕೆ ಸಿದ್ಧಿಸಿದೆ.

ಕೆನ್ನೆ, ಅಂಗಿ, ಮೈಲಿ

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳುವುದು ಬರೀ ಕೆನ್ನೆ ಎಂದಲ್ಲ, ‘ಬಲಗೆನ್ನೆ’ ಎಂದು. ಎದುರಿಗೆ ನಿಂತವನು ಬಲಗೈಯಿಂದ ಬಲಗೆನ್ನೆಗೆ ಹೊಡೆಯಬೇಕಾದರೆ ಕೈಯ ಹಿಂಬದಿಯಿಂದಲೇ ಹೊಡೆಯಬೇಕು. ಅದು ಸಮಾನರಿಗೆ ಕೊಡುವ ಏಟಲ್ಲ, ಆಳಿಗೆ ಕೊಡುವ ಏಟು. ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾದಲ್ಲಿ ಇದರ ದಂಡವೇ ಬೇರೆ: ಅಂಗೈಯಿಂದ ಹೊಡೆದರೆ 200 ಝೂಝ್ (ಬೆಳ್ಳಿ ನಾಣ್ಯ), ಕೈಯ ಹಿಂಬದಿಯಿಂದ ಹೊಡೆದರೆ 400. ನೋವಿಗಿಂತ ಅವಮಾನಕ್ಕೆ ಹೆಚ್ಚು ದಂಡ. ಆದ್ದರಿಂದ ಎಡಗೆನ್ನೆ ತಿರುಗಿಸುವುದೆಂದರೆ ‘ಹೊಡೆಯುವುದಾದರೆ ಸಮಾನನಿಗೆ ಹೊಡೆದ ಹಾಗೆ ಹೊಡಿ’ ಎಂದು ನಿಂತ ಹಾಗೆ ಎಂದು ಕೆಲವು ವಿದ್ವಾಂಸರು ಓದುತ್ತಾರೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಸೇಡು ತೀರಿಸದೆ ಸಹಿಸು ಎಂಬ ನೇರ ಅರ್ಥವೇ ಸಾಕು ಎನ್ನುವವರೂ ಇದ್ದಾರೆ. ಯಾವ ಓದನ್ನು ಹಿಡಿದರೂ ಒಂದು ಸಂಗತಿ ಬದಲಾಗುವುದಿಲ್ಲ: ಹೊಡೆತ ತಿಂದವನು ಓಡಿಹೋಗಿಲ್ಲ, ತಿರುಗಿ ಹೊಡೆದಿಲ್ಲ, ಮುಂದೇನು ಮಾಡಬೇಕೆಂಬುದನ್ನು ತಾನೇ ಆರಿಸಿಕೊಂಡಿದ್ದಾನೆ.

ಅಂಗಿಗಾಗಿ ವ್ಯಾಜ್ಯ ಹೂಡಿದವನಿಗೆ ಮೇಲ್ಹೊದಿಕೆಯನ್ನೂ ಕೊಟ್ಟುಬಿಡು ಎಂಬ ಮುಂದಿನ ಮಾತಿಗೂ ಹಿಂದೆ ಒಂದು ಕಾನೂನಿದೆ. ಬಡವನ ಹೊದಿಕೆಯನ್ನು ಅಡ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು, ಅವನಿಗೆ ರಾತ್ರಿ ಹೊದೆಯಲು ಬೇರೇನಿದೆ ಎಂದು ಬೈಬಲಿನ ವಿಮೋಚನಕಾಂಡ ಕೇಳುತ್ತದೆ. ಅಂಥದ್ದರಲ್ಲಿ ಒಬ್ಬನ ಒಳಂಗಿಗಾಗಿ ವ್ಯಾಜ್ಯ ಹೂಡಿದವನಿಗೆ ಮೇಲ್ಹೊದಿಕೆಯನ್ನೂ ಬಿಚ್ಚಿ ಕೊಟ್ಟರೆ ನ್ಯಾಯಸ್ಥಾನದ ನಡುವೆ ಬಡವ ಬರಿಮೈಯಲ್ಲಿ ನಿಲ್ಲುತ್ತಾನೆ. ನಾಚಿಕೆ ಯಾರಿಗೆ ಆಗಬೇಕೋ ಅವರಿಗೆ ಆಗುತ್ತದೆ. ಇನ್ನು, ಒಂದು ಮೈಲಿ ಬಾ ಎಂದು ಬಲವಂತ ಮಾಡಿದವನ ಜೊತೆ ಎರಡು ಮೈಲಿ ಹೋಗು ಎಂಬ ಮಾತು: ರೋಮನ್ ಸಿಪಾಯಿಗಳು ದಾರಿಹೋಕರನ್ನು ಹಿಡಿದು ಬಿಟ್ಟಿ ಹೊರೆ ಹೊರಿಸುತ್ತಿದ್ದರು. ಕುರೇನ್ಯದ ಸೀಮೋನನಿಗೆ ಶಿಲುಬೆ ಹೊರಿಸಿದ್ದು ಇದೇ ಬಗೆಯ ಬಿಟ್ಟಿ. ಒಂದು ರೋಮನ್ ಮೈಲಿ ಎಂದರೆ ಸಾವಿರ ಜೋಡಿಹೆಜ್ಜೆ, ಸುಮಾರು 1,480 ಮೀಟರ್. ಮೊದಲನೆಯ ಮೈಲಿ ಸಿಪಾಯಿಯದು. ಎರಡನೆಯದನ್ನು ಹೊತ್ತವನು ತಾನಾಗಿ ನಡೆಯುತ್ತಾನೆ.

ಯೇಸುವೇ ಇದನ್ನು ಹೇಗೆ ನಡೆಸಿದ ಎಂಬುದನ್ನು ಪಂಚಾಯ್ತಿಕಟ್ಟೆಯ ಪಂಡಿತರು ಓದಿರುವುದಿಲ್ಲ. ಮಹಾಯಾಜಕನ ಎದುರು ಓಲೇಕಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನೆ ಇನ್ನೊಂದು ಕೆನ್ನೆ ಒಡ್ಡಿದ ಎಂದು ಸುವಾರ್ತೆ ಬರೆದ ಯೋಹಾನ ಹೇಳುವುದಿಲ್ಲ. ನಾನು ತಪ್ಪು ಮಾತಾಡಿದ್ದರೆ ಅದೇನೆಂದು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ. ಯೇಸುವಿನ ಬೋಧನೆ ಸಾರುತ್ತಿದ್ದ ಪೌಲನನ್ನು ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿ, ಮಾರನೆಯ ದಿನ ಗುಟ್ಟಾಗಿ ಸಾಗಹಾಕಲು ನೋಡಿದಾಗ ಅವನು ಜಾಗ ಬಿಟ್ಟು ಕದಲಲಿಲ್ಲ. ನಾವು ರೋಮಿನ ಪ್ರಜೆಗಳು, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದ. ಬಂದರು, ಬೇಡಿಕೊಂಡರು. ಮುಂದೊಮ್ಮೆ ರೋಮಿನ ಚಕ್ರವರ್ತಿ ಕೈಸರನಿಗೇ ಮೇಲ್ಮನವಿ ಹಾಕಿಕೊಂಡ. ಶತ್ರುವನ್ನು ಪ್ರೀತಿಸು ಎಂದು ಬೋಧಿಸಿದವರು ಪ್ರಶ್ನೆಯನ್ನೂ ಕೇಳಿದರು, ಅರ್ಜಿಯನ್ನೂ ಹಾಕಿದರು.

ಮಳೆಗೆ ತೂಬಿಲ್ಲ

ಶತ್ರುವನ್ನು ಯಾಕೆ ಪ್ರೀತಿಸಬೇಕು? ಸಿಟ್ಟು ಇಟ್ಟುಕೊಂಡರೆ ಬಿಪಿ ಏರುತ್ತದೆ, ನಿದ್ದೆ ಹಾಳಾಗುತ್ತದೆ, ಆದ್ದರಿಂದ ನಿಮ್ಮ ಒಳ್ಳೆಯದಕ್ಕೇ ಕ್ಷಮಿಸಿ ಎಂಬ ವಾದ ಈಗ ಎಲ್ಲ ಮೊಬೈಲಿನಲ್ಲೂ ಓಡಾಡುತ್ತಿದೆ. ಅದು ಸುಳ್ಳಲ್ಲ, ಆದರೆ ಯೇಸು ಕೊಟ್ಟ ಕಾರಣ ಅದಲ್ಲ. ದೇವರು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ತನ್ನ ಸೂರ್ಯನನ್ನು ಮೂಡಿಸುತ್ತಾನೆ, ನೀತಿವಂತರಿಗೂ ಅನೀತಿವಂತರಿಗೂ ಮಳೆ ಸುರಿಸುತ್ತಾನೆ, ನೀವು ಅವನ ಮಕ್ಕಳಾದರೆ ಹಾಗೇ ಇರಿ ಎಂಬುದು ಅವನ ಕಾರಣ.

ಈ ಸಾಲು ಯುರೋಪಿನ ಓದುಗನಿಗಿಂತ ಚಳ್ಳಕೆರೆಯ ಓದುಗನಿಗೆ ಬೇಗ ಅರ್ಥವಾಗಬೇಕು. ಮಳೆ ಎಂದರೆ ಪೀಡೆ ಎನ್ನುವ ದೇಶಗಳಲ್ಲಿ ಇದನ್ನು ‘ಒಳ್ಳೆಯವರಿಗೂ ಕಷ್ಟ ಬರುತ್ತದೆ’ ಎಂದು ತಿರುಗಿಸಿ ಓದುವವರಿದ್ದಾರೆ. ಮುಂಗಾರು ಹಿಂಗಾರುಗಳನ್ನೇ ನಂಬಿ ಬಿತ್ತುವ ಪಾಲೆಸ್ತೀನದಲ್ಲಿ ಮಳೆ ಪೂರ್ತಾ ವರ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಆ ಸೀಮೆಯವರಿಗೆ ಮಳೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಶತ್ರುವಿನ ಹೊಲಕ್ಕೂ ಅದೇ ಹದ ಬೀಳುತ್ತದೆ ಎನ್ನುವುದು ಇಲ್ಲಿ ಸಲೀಸಾಗಿ ನುಂಗುವ ಮಾತಲ್ಲ.

ನಾಲೆಯ ನೀರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಭದ್ರಾ ಬಲದಂಡೆ ನಾಲೆಗೆ ತೂಬುಂಟು, ಸರದಿಯುಂಟು, ಇಂಜಿನಿಯರುಂಟು, ನೀರಗಂಟಿಯುಂಟು. ಮೇಲಿನವರು ನಾಲೆಗೆ ಪಂಪ್‌ಸೆಟ್ ಇಟ್ಟರೆ ಕೊನೆ ಭಾಗದ ಗದ್ದೆ ಬಿರಿಯುತ್ತದೆ. ನಮ್ಮ ಪ್ರೀತಿ ಸಾಮಾನ್ಯವಾಗಿ ನಾಲೆಯ ಲೆಕ್ಕದಲ್ಲಿ ಹರಿಯುತ್ತದೆ: ನಮ್ಮ ಕಡೆಯವರಿಗೆ ಮೊದಲ ಸರದಿ, ನಮ್ಮನ್ನು ಕಂಡರೆ ಆಗದವರಿಗೆ ತೂಬು ಬಂದ್. ನಿಮ್ಮನ್ನು ಪ್ರೀತಿಸುವವರನ್ನೇ ಪ್ರೀತಿಸಿದರೆ ಅದರಲ್ಲೇನು ಹೆಚ್ಚುಗಾರಿಕೆ, ಊರೆಲ್ಲ ಹಳಿಯುವ ಸುಂಕದವರೂ ಹಾಗೇ ಮಾಡುತ್ತಾರಲ್ಲ ಎಂದು ಯೇಸು ಚುಚ್ಚುವುದು ಈ ಲೆಕ್ಕವನ್ನೇ.

ಹಾಗಾದರೆ ಮಾಡಬೇಕಾದ್ದೇನು? ಒಳಗಿಂದ ಮಮತೆ ಉಕ್ಕಿಸಿಕೊಳ್ಳುವುದು ಯಾರ ಕೈಯಲ್ಲೂ ಆಗದು, ಅದನ್ನು ಯಾರೂ ಕೇಳಿಯೂ ಇಲ್ಲ. ಲೂಕನ 6ನೇ ಅಧ್ಯಾಯದಲ್ಲಿ ಬರುವುದು ಕೆಲಸಗಳು: ಹಗೆ ಮಾಡುವವರಿಗೆ ಉಪಕಾರ ಮಾಡಿ, ಶಪಿಸುವವರನ್ನು ಆಶೀರ್ವದಿಸಿ, ಬೈಯುವವರಿಗಾಗಿ ಪ್ರಾರ್ಥಿಸಿ. ಕೈ, ಬಾಯಿ, ಮೊಣಕಾಲು. ಇದಕ್ಕೆ ಹಳೆಯ ಒಡಂಬಡಿಕೆಯಲ್ಲೇ ಬೇರಿದೆ, ಅದೂ ರೈತರಿಗೆಂದೇ ಬರೆದಂತಿದೆ. ಹಗೆಯವನ ಎತ್ತೋ ಕತ್ತೆಯೋ ತಪ್ಪಿಸಿಕೊಂಡದ್ದು ಕಂಡರೆ ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸು; ಅವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ನೋಡಿಯೂ ನೋಡದಂತೆ ಹೋಗಬೇಡ, ಅವನ ಜೊತೆ ಸೇರಿ ಎಬ್ಬಿಸು ಎನ್ನುತ್ತದೆ ವಿಮೋಚನಕಾಂಡದ 23ನೇ ಅಧ್ಯಾಯ.

ನಮ್ಮ ಕಡೆ ಕತ್ತೆಯ ಜಾಗದಲ್ಲಿ ಟ್ರೈಲರನ್ನಿಟ್ಟುಕೊಂಡು ಯೋಚಿಸಬೇಕು. ಮೆಕ್ಕೆಜೋಳ ತುಂಬಿದ ಟ್ರೈಲರು ಮಳೆ ಬಿದ್ದ ಬಂಡಿದಾರಿಯಲ್ಲಿ ಅಚ್ಚಿನವರೆಗೆ ಹೂತಿದೆ. ಮತ್ತೆ ಮೋಡ ಕಟ್ಟಿದೆ. ಹತ್ತಿರದಲ್ಲಿ ಇನ್ನೊಂದು ಟ್ರ್ಯಾಕ್ಟರು ಇರುವುದು ಮೂರು ವರ್ಷದಿಂದ ಮಾತು ಬಿಟ್ಟಿರುವ ದಾಯಾದಿಯ ಮನೆಯಲ್ಲಿ. ಇಲ್ಲಿ ಆಜ್ಞೆ ಕೇಳುವುದು ಇಷ್ಟೇ: ಟ್ರ್ಯಾಕ್ಟರು ತಂದು ಸರಪಳಿ ಬಿಗಿ, ಗಾಲಿಯ ಕೆಳಗೆ ಕಲ್ಲೋ ಸಪ್ಪೆಯೋ ಹಾಕು, ಎಳಿ, ಮನೆಗೆ ಹೋಗು. ‘ಈಗ್ಲಾದ್ರೂ ಬುದ್ಧಿ ಬಂತೇನೋ’ ಅನ್ನಬಾರದು. ಸಂಜೆ ಟೀ ಅಂಗಡಿಯಲ್ಲಿ ‘ನಾನಿಲ್ದಿದ್ರೆ ಅವನ ಮಾಲೆಲ್ಲ ಮೊಳಕೆ ಒಡೀತಿತ್ತು’ ಎಂದು ಹೇಳಬಾರದು. ಕೆಡುವುದು ಹೆಚ್ಚಾಗಿ ಆ ಟೀ ಅಂಗಡಿಯಲ್ಲಿ. ಬದುವಿನ ಕೇಸು ವಾಪಸ್ ತೆಗೆದುಕೊಳ್ಳಬೇಕೆಂದು ಈ ಆಜ್ಞೆ ಎಲ್ಲೂ ಹೇಳುವುದಿಲ್ಲ. ಸರಪಳಿ ಇವತ್ತಿನದು, ಸರ್ವೆ ಮುಂದಿನ ತಿಂಗಳಿನದು, ಎರಡೂ ನಡೆಯಬಹುದು.

ಪ್ರಾರ್ಥನೆಗೂ ಇದೇ ಕ್ರಮ. ‘ಅವನಿಗೆ ಒಳ್ಳೆಯ ಬುದ್ಧಿ ಕೊಡಪ್ಪಾ’ ಎಂದು ಬೇಡುವುದು ಬಹುಮಟ್ಟಿಗೆ ದೇವರ ಮುಂದೆ ಚಾಡಿ ಹೇಳಿದ ಹಾಗೆ. ಅವನ ಹೆಸರು ಹಿಡಿದು, ಅವನಿಗೆ ನಿಜವಾಗಿ ಬೇಕಾದ ಒಂದನ್ನು ಕೇಳಬೇಕು: ಮಗಳ ಹೆರಿಗೆ ಸುಸೂತ್ರವಾಗಲಿ, ಬೋರಿನಲ್ಲಿ ನೀರು ಬರಲಿ. ಬೋರಿನ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಲ್ಲೇ ಕೆಲಸ ಶುರುವಾಗಿದೆ ಎಂದು ತಿಳಿಯಬಹುದು.

ಕೆಲಸ, ಉದ್ದೇಶ, ವಂಶ

‘ತೀರ್ಪು ಮಾಡಬೇಡಿ’ ಎನ್ನುವುದನ್ನು ‘ಯಾರಿಗೂ ಏನೂ ಅನ್ನಬೇಡಿ’ ಎಂದು ಓದಿದರೆ ಮತ್ತಾಯನ 7ನೇ ಅಧ್ಯಾಯದ ಉಳಿದ ಭಾಗ ಹರಿದು ಎಸೆಯಬೇಕಾಗುತ್ತದೆ. ಅದೇ ಅಧ್ಯಾಯದ 6ನೇ ವಚನ ಹಂದಿಗಳ ಮುಂದೆ ಮುತ್ತು ಚೆಲ್ಲಬೇಡಿ ಎನ್ನುತ್ತದೆ. ಮುಂದೆ ಸುಳ್ಳು ಪ್ರವಾದಿಗಳನ್ನು ಅವರ ಫಲದಿಂದ ಗುರುತಿಸಿ ಎನ್ನುತ್ತದೆ. ಗುರುತಿಸದೆ ಇದ್ಯಾವುದೂ ಆಗುವುದಿಲ್ಲ. ನಿನ್ನ ಕಣ್ಣಿನ ತೊಲೆ ಬಿಟ್ಟು ಅಣ್ಣನ ಕಣ್ಣಿನ ರವೆಯನ್ನು ಯಾಕೆ ನೋಡುತ್ತೀ ಎಂಬ ಮಾತೂ ಅಷ್ಟೇ. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ತೊಲೆಯ ಗಾತ್ರ ಗೊತ್ತು, ಅದು ಕಣ್ಣಲ್ಲಿದೆ ಎಂದರೆ ನಗು ಬರಲೇಬೇಕು. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಮೊದಲು ನಿನ್ನ ತೊಲೆ ತೆಗೆ, ಆಮೇಲೆ ಅಣ್ಣನ ಕಣ್ಣಿನ ರವೆ ತೆಗೆಯಲು ಸರಿಯಾಗಿ ಕಾಣಿಸುತ್ತದೆ ಎಂದಿದೆ. ರವೆ ಕೊನೆಗೂ ಹೊರಗೆ ಬರಬೇಕಾದದ್ದೇ, ಕಣ್ಣು ಕೆಂಪಾಗಿದೆಯಲ್ಲ.

ಹಾಗಾದರೆ ಬೇಡ ಎಂದಿರುವುದು ಏನನ್ನು? ನೀರಿನ ಜಗಳದಲ್ಲೇ ಇದನ್ನು ಬಿಡಿಸಬಹುದು. ‘ಬುಧವಾರ ರಾತ್ರಿ ನನ್ನ ಸರದಿಯಲ್ಲಿ ಅವನು ತೂಬು ತಿರುಗಿಸಿದ’ ಎನ್ನುವುದು ಕೆಲಸದ ಮಾತು. ಅದನ್ನು ಹೇಳಬಹುದು, ಸಾಕ್ಷಿ ಕೊಡಬಹುದು, ದೂರು ಬರೆಯಬಹುದು. ‘ನನ್ನ ಹಾಳು ಮಾಡಬೇಕಂತಲೇ ತಿರುಗಿಸಿದ’ ಎನ್ನುವುದು ಉದ್ದೇಶದ ಮಾತು. ಅಲ್ಲಿ ನಾವು ಅವನ ಎದೆಯೊಳಗೆ ಇಣುಕಿದ್ದೇವೆ. ಅವನ ಗದ್ದೆಯೂ ಒಣಗುತ್ತಿತ್ತೋ ಏನೋ. ‘ಅವರ ವಂಶವೇ ಅಂಥದ್ದು’ ಎನ್ನುವುದು ಮೂರನೆಯದು, ನಮ್ಮ ಕಡೆ ಅದಕ್ಕೆ ಜಾತಿಯ ಹೆಸರೂ ಅಂಟಿಕೊಂಡು ಬರುತ್ತದೆ. ಮೂರನೆಯದಕ್ಕೆ ಮೇಲ್ಮನವಿ ಇಲ್ಲ. ಅವನು ನಾಳೆ ಏನು ಮಾಡಿದರೂ, ಅವನ ಮೊಮ್ಮಗ ಏನು ಮಾಡಿದರೂ ಫೈಲು ಮುಚ್ಚಿಯಾಗಿದೆ. ಹಾಗೆ ಮುಚ್ಚುವ ಅಧಿಕಾರ ನಿನ್ನದಲ್ಲ ಎಂಬುದೇ ಆ ಆಜ್ಞೆ. ವಾಟ್ಸಾಪ್ ಗ್ರೂಪುಗಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಹೋಗಲು ಹತ್ತು ನಿಮಿಷವೂ ಬೇಡ.

ಜೆಸ್ವಿಟ್ ಸಂನ್ಯಾಸಿ ಸಂಘ ಕಟ್ಟಿದ 16ನೇ ಶತಮಾನದ ಇಗ್ನೇಷಿಯಸ್ ಲೊಯೋಲಾ ಇದಕ್ಕೊಂದು ಕ್ರಮ ಹೇಳಿಕೊಟ್ಟಿದ್ದರು. ಎದುರಿನವನ ಮಾತಿಗೆ ಒಳ್ಳೆಯ ಅರ್ಥ ಹಚ್ಚಲು ಮೊದಲು ನೋಡು. ಆಗದಿದ್ದರೆ, ಹೀಗಂದದ್ದು ಯಾವ ಅರ್ಥದಲ್ಲಿ ಎಂದು ಅವನನ್ನೇ ಕೇಳು. ಅವನ ಅರ್ಥವೇ ತಪ್ಪಾಗಿದ್ದರೆ ಪ್ರೀತಿಯಿಂದ ತಿದ್ದು. ನಡುವಿನ ಮೆಟ್ಟಿಲನ್ನು, ಅಂದರೆ ಅವನನ್ನೇ ಕೇಳುವುದನ್ನು, ಎಲ್ಲರೂ ಹಾರಿಸುತ್ತಾರೆ.

ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ನಮ್ಮ ಊರುಗಳಲ್ಲಿ ಇನ್ನೂ ಹೆಚ್ಚು ಓದಿಸಿಕೊಳ್ಳಬೇಕಿತ್ತು. ಅಲ್ಲಿ ಜಗಳ ಊಟದ್ದು: ಕೆಲವರು ಎಲ್ಲವನ್ನೂ ತಿನ್ನುತ್ತಾರೆ, ಕೆಲವರು ಕಾಯಿಪಲ್ಯ ಮಾತ್ರ. ಪೌಲ ಇಬ್ಬರಿಗೂ ಬೇರೆ ಬೇರೆ ಎಚ್ಚರಿಕೆ ಕೊಡುತ್ತಾನೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಯಾರಿಗೆ ಯಾವ ರೋಗ ತಗಲುತ್ತದೆ ಎಂಬುದನ್ನು ಅವನು ಸರಿಯಾಗೇ ಹಿಡಿದಿದ್ದ: ಒಬ್ಬನಿಗೆ ತಾತ್ಸಾರ, ಇನ್ನೊಬ್ಬನಿಗೆ ಮಡಿಯ ಗರ್ವ. ಒಂದೇ ಚಪ್ಪರದ ಕೆಳಗೆ ಎರಡು ಪಂಕ್ತಿ ಹಾಕುವ ಮದುವೆಮನೆಗಳಲ್ಲಿ ಎರಡೂ ರೋಗ ಇವತ್ತಿಗೂ ಹಾಗೇ ಇವೆ.

ಮೊದಲು ಒಬ್ಬನೇ ಹೋಗು

ತಪ್ಪು ಮಾಡಿದವನ ಹತ್ತಿರ ಹೋಗುವುದು ಹೇಗೆ ಎಂಬುದಕ್ಕೆ ಮತ್ತಾಯ 18ರಲ್ಲಿ ಮೆಟ್ಟಿಲುಗಳೇ ಇವೆ. ಮೊದಲು ಅವನೂ ನೀನೂ ಇಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅವರ ಮಾತೂ ನಡೆಯದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನು ನಿನಗೆ ಅನ್ಯನಂತೆ, ಸುಂಕದವನಂತೆ ಇರಲಿ. (ಇದನ್ನು ಬರೆದಿಟ್ಟ ಮತ್ತಾಯನೇ ಸುಂಕದವನಾಗಿದ್ದ ಎಂದು ಪರಂಪರೆ ಹೇಳುತ್ತದೆ. ಅಲ್ಲಿಗೆ ಆ ಕೊನೆಯ ಮೆಟ್ಟಿಲೂ ಪೂರ್ತಿ ಮುಚ್ಚಿದ ಬಾಗಿಲಲ್ಲ.) ನಮ್ಮಲ್ಲಿ ನಡೆಯುವುದು ತಲೆಕೆಳಗು: ಮೊದಲು ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಫಾದರಿಗೋ ಪಾಸ್ಟರಿಗೋ, ಕೊನೆಗೆ ತಪ್ಪು ಮಾಡಿದವನಿಗೆ. ಅಷ್ಟರಲ್ಲಿ ಅವನಿಗೆ ಮಾನ ಉಳಿಸಿಕೊಳ್ಳುವುದೊಂದೇ ಕೆಲಸವಾಗಿರುತ್ತದೆ, ತಪ್ಪೊಪ್ಪಿಕೊಳ್ಳಲು ಜಾಗ ಉಳಿದಿರುವುದಿಲ್ಲ.

ಅದೇ ಅಧ್ಯಾಯದ ಸಾಲಗಾರನ ಸಾಮತಿಯ, ಅಂದರೆ ದೃಷ್ಟಾಂತ ಕಥೆಯ, ಲೆಕ್ಕವನ್ನು ಒಮ್ಮೆ ರೂಪಾಯಿಗೆ ಇಳಿಸಿ ನೋಡುವುದು ಒಳ್ಳೆಯದು. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಕೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ಆಳಿಗೆ ರಾಜ ಬಿಟ್ಟುಕೊಟ್ಟ 10,000 ತಲಾಂತು 3,000 ಕೋಟಿ ರೂಪಾಯಿ. ಆ ಆಳು ಹೊರಗೆ ಬಂದು ಜೊತೆಯವನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ, ಅಂದರೆ 50,000 ರೂಪಾಯಿಗೆ. ಉಪದೇಶಕರು ಇದನ್ನು ‘ಚಿಲ್ಲರೆ ಸಾಲ’ ಎಂದು ತೇಲಿಸುತ್ತಾರೆ. ಕೂಲಿಯವನಿಗೆ 50,000 ಚಿಲ್ಲರೆಯಲ್ಲ, ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಿನಗಾದ ನಷ್ಟ ನಷ್ಟವೇ ಅಲ್ಲ ಎಂದು ಆ ಸಾಮತಿ ಹೇಳುತ್ತಿಲ್ಲ. ನಷ್ಟ ನಿಜ, ಆದರೆ ನಿನಗೆ ಬಿಟ್ಟುಕೊಟ್ಟದ್ದರ ಪಕ್ಕದಲ್ಲಿಟ್ಟು ಅಳೆ ಎನ್ನುತ್ತಿದೆ.

ರಾಜಿಯ ವಿಷಯಕ್ಕೆ ಬಂದರೆ ನಮ್ಮ ಸೀಮೆಗೆ ಹೊಸದಾಗಿ ಕಲಿಸಬೇಕಾದ್ದೇನಿಲ್ಲ. ಸಿರಿಗೆರೆ ಮಠದ ಸ್ವಾಮಿಗಳು ವ್ಯಾಜ್ಯ ಬಗೆಹರಿಸುವ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರ ನೆರೆಯುವ ಜನ ಅದಕ್ಕೆ ಸಾಕ್ಷಿ. ಕೋರ್ಟಿಗೆ ಅಲೆಯುವ ಬದಲು ನಿಮ್ಮಲ್ಲೇ ತಿಳಿದವನೊಬ್ಬನಿಲ್ಲವೇ ಎಂದು ಪೌಲ ಕೊರಿಂಥದವರಿಗೆ ಕೇಳಿದ್ದೂ ಇದೇ ಬಗೆಯ ಪ್ರಶ್ನೆ. ಆದರೆ ‘ಕ್ಷಮಿಸಿದ್ದೀಯಲ್ಲ, ರುಜು ಹಾಕು’ ಎಂದು ಅವಸರ ಮಾಡುವ ಕಡೆ ಎಚ್ಚರ ಬೇಕು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ. ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಆದರೆ ಅದರ ಮೇಲೆ ಅಪೀಲು ಇಲ್ಲ. ಪಾಲಿನ ಕಾಗದ ಓದಿಸಿ ಕೇಳದೆ ‘ದೇವರ ಹೆಸರಲ್ಲಿ’ ಹೆಬ್ಬೆಟ್ಟು ಒತ್ತಿದ ಮೇಲೆ ಅಕ್ಕತಂಗಿಯರಿಗೆ ಉಳಿಯುವುದು ಪ್ರಾರ್ಥನೆ ಒಂದೇ. ಕುಡಿದು ಹೊಡೆಯುವ ಗಂಡನ ವಿಷಯದಲ್ಲಂತೂ ‘ಎಪ್ಪತ್ತೇಳು ಸಲ ಕ್ಷಮಿಸು’ ಎಂದು ಅದೇ ಮನೆಗೆ ಹಿಂದಕ್ಕೆ ಕಳಿಸುವವರು ಸುವಾರ್ತೆಯನ್ನೂ ಓದಿಲ್ಲ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯನ್ನೂ ಓದಿಲ್ಲ. ರಕ್ಷಣಾ ಆದೇಶ, ವಾಸದ ಆದೇಶ ಎರಡನ್ನೂ ಆ ಕಾಯ್ದೆಯಡಿ ಕೇಳಬಹುದು. ಮಹಿಳಾ ಸಹಾಯವಾಣಿ 181. ಹೊಡೆಯುವ ಕೈಯನ್ನು ತಡೆಯುವುದು ಆ ಕೈಯವನಿಗೂ ಮಾಡಿದ ಉಪಕಾರವೇ.

ಕ್ಷಮೆಯೂ ಕಾನೂನೂ ಹೇಗೆ ಜೊತೆಯಲ್ಲಿರಬಹುದು ಎಂಬುದನ್ನು ಈ ದೇಶ ಒಮ್ಮೆ ಕಣ್ಣಾರೆ ಕಂಡಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕ್ಷಮಿಸಿದ್ದೇನೆ ಎಂದರು, ಕುಷ್ಠರೋಗಿಗಳ ಸೇವೆ ಮುಂದುವರಿಸಿಕೊಂಡು ಅಲ್ಲೇ ವರ್ಷಗಟ್ಟಲೆ ಉಳಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೊಕದ್ದಮೆ ತನ್ನ ಪಾಡಿಗೆ ನಡೆಯಿತು: 2003ರಲ್ಲಿ ಮುಖ್ಯ ಆರೋಪಿಗೆ ಮರಣದಂಡನೆ, 2005ರಲ್ಲಿ ಹೈಕೋರ್ಟಿನಿಂದ ಜೀವಾವಧಿಗೆ ಇಳಿಕೆ, 2011ರಲ್ಲಿ ಸುಪ್ರೀಂ ಕೋರ್ಟಿನಿಂದ ಅದೇ ಖಾಯಂ. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಯೋಸೇಫ ಕೊಟ್ಟದ್ದು, ತಡೆದದ್ದು

ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಬೈಬಲಿನಲ್ಲಿ ಒಂದು ಕಥೆ ಹುಡುಕಬೇಕೆಂದರೆ ಕೆನ್ನೆಯ ಮಾತಿಗಿಂತ ಆದಿಕಾಂಡದ ಯೋಸೇಫನ ಕಥೆ ವಾಸಿ. 20 ಬೆಳ್ಳಿ ನಾಣ್ಯಕ್ಕೆ ತನ್ನನ್ನು ಮಾರಿದ ಅಣ್ಣಂದಿರು ಬರಗಾಲದಲ್ಲಿ ಐಗುಪ್ತಕ್ಕೆ ಬಂದು, ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫನ ಎದುರಿಗೆ ಅಡ್ಡಬಿದ್ದಾಗ ಅವನು ಅಪ್ಪಿಕೊಳ್ಳಲಿಲ್ಲ. ಗೋಣಿ ತುಂಬ ದವಸ ಕೊಟ್ಟ, ದಾರಿಗೆ ಬುತ್ತಿ ಕೊಟ್ಟ, ಅವರು ತಂದ ಹಣವನ್ನೂ ಗೋಣಿಯ ಬಾಯಲ್ಲಿಟ್ಟು ಹಿಂದಿರುಗಿಸಿದ. ತಾನು ಯಾರೆಂದು ಮಾತ್ರ ಹೇಳಲಿಲ್ಲ. ಅವರಲ್ಲೊಬ್ಬನಾದ ಸಿಮೆಯೋನನನ್ನು ಹಿಡಿದಿಟ್ಟುಕೊಂಡ. ಎರಡನೇ ಸಲ ಬಂದಾಗ ಕೊನೆಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ, ಇವನನ್ನೂ ಬಿಟ್ಟು ಹೋಗುತ್ತಾರೋ ಎಂದು ನೋಡಿದ. ಹಿಂದೆ ಯೋಸೇಫನನ್ನು ಮಾರೋಣ ಎಂದವನು ಅಣ್ಣಂದಿರಲ್ಲೊಬ್ಬನಾದ ಯೆಹೂದ. ಈಗ ಅದೇ ಯೆಹೂದ ಮುಂದೆ ಬಂದು, ಹುಡುಗನನ್ನು ಬಿಡಿ, ಅವನ ಬದಲು ನಾನು ಜೀತಕ್ಕೆ ನಿಲ್ಲುತ್ತೇನೆ ಎಂದ. ಯೋಸೇಫ ಗಟ್ಟಿಯಾಗಿ ಅತ್ತು ಗುರುತು ಹೇಳಿದ್ದು ಆಗ. ದವಸ ಮೊದಲ ಸಲ ಬಂದಾಗಲೇ ಸಿಕ್ಕಿತು, ನಂಬಿಕೆ ಸಿಗಲು ಯೆಹೂದ ಬದಲಾದದ್ದು ಕಾಣಬೇಕಾಯಿತು.

ಅಷ್ಟಾದರೂ ಕಥೆ ಸರಾಗವಾಗುವುದಿಲ್ಲ. ಅಪ್ಪ ಯಾಕೋಬ ಐಗುಪ್ತದಲ್ಲಿ 17 ವರ್ಷ ಬಾಳಿ ಸತ್ತ ಮೇಲೆ ಅಣ್ಣಂದಿರಿಗೆ ಮತ್ತೆ ಅಂಜಿಕೆ ಹತ್ತಿತು: ಅಪ್ಪ ಇದ್ದಾನೆಂದು ಸುಮ್ಮನಿದ್ದ, ಈಗ ಹಗೆ ತೀರಿಸಿಕೊಂಡರೆ? ತಾವಾಗಿ ಎದುರಿಗೆ ಹೋಗಿ ಕೇಳಲು ಧೈರ್ಯ ಸಾಲದೆ, ‘ಅವರನ್ನು ಕ್ಷಮಿಸು ಎಂದು ಅಪ್ಪನೇ ಸಾಯುವ ಮುಂಚೆ ಹೇಳಿದ್ದ’ ಎಂದು ಮೊದಲು ಬೇರೆಯವರ ಕೈಯಲ್ಲಿ ಹೇಳಿಕಳಿಸಿದರು. ಅಪ್ಪ ಹಾಗೆ ಹೇಳಿದ ಎಂದು ಆದಿಕಾಂಡ ಎಲ್ಲೂ ಬರೆದಿಲ್ಲ. ಅದನ್ನು ಕೇಳಿ ಯೋಸೇಫ ಅತ್ತ. ಅವರು ಬಂದು ಕಾಲಿಗೆ ಬಿದ್ದಾಗ, ನಾನೇನು ದೇವರ ಸ್ಥಾನದಲ್ಲಿದ್ದೇನೆಯೇ ಎಂದು ಕೇಳಿದ. ನೀವು ನನಗೆ ಕೇಡು ಬಗೆದಿರಿ ಎಂಬುದನ್ನೂ ಮುಚ್ಚಿಡದೆ ಹೇಳಿದ. ಆಮೇಲೆ ಅವರನ್ನೂ ಅವರ ಮಕ್ಕಳನ್ನೂ ತಾನೇ ಸಾಕುವುದಾಗಿ ಮಾತು ಕೊಟ್ಟ.